ಒಂಟಿಕೊಪ್ಪಲಿನ ಪಾಯ

ಲೂರ್ದುಮೇರಿ ಊದುಬತ್ತಿ ಹೊಸೆಯುತ್ತಿದ್ದಳು. ಮಣೆಯ ಮೇಲಿನ ಕರಿ ಹಿಟ್ಟು ಇನ್ನೂ ಮಿಕ್ಕಿತ್ತು, ಕಡ್ಡಿಯೇ ಮುಗಿದುಹೋಯಿತು. ಸಾಹುಕಾರ ಈ ವಾರ ಕೊಟ್ಟಿದ್ದೇ ಅರ್ಧ ಕಟ್ಟು.

“ಏನ್ ಮೇರಿ, ಇಷ್ಟು ಬೇಗ ಕೈ ತೊಳೀತಿದ್ದೀಯ?” ಎದುರುಮನೆಯ ಸುಮಿತ್ರಮ್ಮ ಬಾಗಿಲಲ್ಲಿ ನಿಂತಿದ್ದರು. ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ, ದಿನಾ ಪತ್ರಿಕೆ ಓದುವವರು.

“ಬತ್ತಿ ಹೋಗೋ ಹಡಗಿಗೇ ಮೈ ಸರಿಯಿಲ್ವಂತೆ ಕಣಮ್ಮ,” ಮೇರಿ ನಕ್ಕಳು. “ನಾಳೆ ನಮ್ಮೆಜಮಾನ್ರ ಜೊತೆ ರಿಜಿಸ್ಟ್ರಾರ್ ಕಚೇರಿಗೆ ಹೋಗ್ಬೇಕು. ಈ ಮನೇನ ಸಾಲ ಕೊಡೋ ನಿಧಿ ಕಂಪ್ನಿಗೆ ಅಡ ಇಟ್ಟು, ಒಂಟಿಕೊಪ್ಪಲಲ್ಲಿ ಪಾಯ ಹಾಕಿರೋ ಬಾಡಿಗೆ ಮನೆ ಕಟ್ಟಿ ಮುಗಿಸ್ತಾರಂತೆ. ಬಾಡಿಗೇಲೇ ಸಾಲ ತೀರ್ಬುಡುತ್ತಂತೆ.”

ಸುಮಿತ್ರಮ್ಮ ಜಗುಲಿಯ ಮೇಲೆ ಕುಳಿತುಬಿಟ್ಟರು. “ಆ ಬೀದೀಲಿ ಓಡಾಡಿದ್ದೀಯಾ? ಹೊಸ ಮನೆಗಳಿಗೆಲ್ಲ ‘ಬಾಡಿಗೆಗೆ ಇದೆ’ ಅಂತ ಹಲಗೆ ನೇತಾಕಿದಾರೆ. ಹೋದ ವರ್ಷ ಅಮೆರಿಕಾದಲ್ಲಿ ಷೇರು ಪೇಟೆ ಕುಸಿದಾಗಲೇ ಹೇಳಿದ್ದೆ.”

“ಅಲ್ಲಿ ಕುಸಿದ್ರೆ ನಮ್ಮ ಲಷ್ಕರ್ ಮೊಹಲ್ಲಾಕ್ಕೇನಮ್ಮ?”

“ಅಲ್ಲಿ ಸಾಲ ಮಾಡಿ ಷೇರು ಕೊಂಡೋರು ಮುಳುಗಿದ್ರು. ಅವರಿಗೆ ಕೊಟ್ಟ ಬ್ಯಾಂಕುಗಳೂ ಮುಳುಗ್ತಿವೆ. ಈಗ ಅಲ್ಲಿ ರೇಷ್ಮೆ ಕೊಳ್ಳೋರಿಲ್ಲ, ಬತ್ತಿ ಕೊಳ್ಳೋರಿಲ್ಲ. ನಿನ್ನ ಕಡ್ಡಿ ಅರ್ಧ ಆಗಿದ್ದು ಯಾಕೆ ಅಂದ್ಕೊಂಡೆ?”

ಮೇರಿ ಮಣೆಯ ಮೇಲೆ ಮಿಕ್ಕ ಹಿಟ್ಟಿನತ್ತ ನೋಡಿದಳು.

“ನಿನ್ನ ಗಂಡ ಇನ್ನಾಸಿಮುತ್ತುಗೆ ಸರ್ಕಾರದ ಮೋರಿ ಕೆಲಸದ ಬಿಲ್ಲು ಬಂತಾ?”

“ಇಲ್ಲ. ಹೋದಾಗೆಲ್ಲ ಇನ್ನೂ ತಡ ಅಂತಾರಂತೆ.”

“ಸರ್ಕಾರಗಳೇ ಸಾಲದಲ್ಲಿ ಏದುಸಿರು ಬಿಡ್ತಿರೋ ಕಾಲ ಕಣೇ ಇದು. ಇನ್ನು ಆ ನಿಧಿಯೋ, ಎಲ್ಲರಿಗಿಂತ ಜಾಸ್ತಿ ಬಡ್ಡಿ ಕೊಡ್ತೀವಿ, ಠೇವಣಿ ಇಡಿ ಅಂತ ಕೂಗ್ತಿದೆ. ಇಟ್ಟ ಹಣ ವಾಪಸ್ ಕೇಳಿದೋರಿಗೆ ನಾಳೆ ಬಾ ಅಂತಿದೆ. ಆ ನಿಧಿಗೇ ಕಷ್ಟ ಬಂದಾಗ ಮೊದಲು ಎಳೆಯೋದು ಅಡ ಇಟ್ಟ ಮನೇನ.”

ಸಂಜೆ ಗಂಡ ಬಂದಾಗ ಮೇರಿ ಮೆಲ್ಲಗೆ ಮಾತು ತೆಗೆದಳು. ಮೇಸ್ತ್ರಿ ಇನ್ನಾಸಿಮುತ್ತು ಸಿಡುಕಿದ.

“ಚರ್ಚಿನ ಸ್ವಾಮಿಗಳು ಬಂದು ತೀರ್ಥ ಚಿಮುಕಿಸಿ ಮಂತ್ರಿಸಿದ ಪಾಯ ಕಣೇ ಅದು! ಅರ್ಧಕ್ಕೆ ಬುಟ್ಟರೆ, ಭಾನುವಾರ ಗುಡಿ ಮುಂದೆ ಮುಖ ಎಂಗೆ ತೋರಿಸ್ಲಿ?”

“ದೇವರು ಪಾಯ ಕಾಯ್ತಾನೆ. ಬಡ್ಡೀನೂ ಅವನೇ ಕಟ್ತಾನಾ?”

“ನಿಮ್ಮಪ್ಪ ಈ ಮನೆ ನಿನ್ನ ಹೆಸರಿಗೆ ಬರೆದ ಅಂತ ಈ ಜಂಬಾನಾ? ನಾಳೆ ಹೆಬ್ಬೆಟ್ಟು ಒತ್ತು, ಸಾಕು.”

ಅವಳು ಅನ್ನ ಬಡಿಸಿದಳು. ಇವತ್ತು ಸುಮಿತ್ರಮ್ಮ ಹೇಳುವವರೆಗೂ ಅವಳೂ ಹಾಗೇ ನಂಬಿದ್ದಳು. ಮಂತ್ರಿಸಿದ ಮೇಲೆ ನಿಲ್ಲಿಸಬಾರದು, ನಿಲ್ಲಿಸಿದರೆ ಕೇಡು ಎಂದು. ಈಗ ಕಣ್ಣಿಗೆ ಕಟ್ಟುತ್ತಿದ್ದ ಕೇಡೇ ಬೇರೆ. ತನ್ನ ಬಾಗಿಲಿಗೆ ಯಾರದೋ ಬೀಗ. ಬೀದಿಯಲ್ಲಿ ಪಾತ್ರೆ, ಚಾಪೆ, ದೇವಮಾತೆಯ ಪಟ. ಅವುಗಳ ನಡುವೆ ಮಕ್ಕಳು. ಅವಳಿಗೆ ಹೆದರಿಕೆಯಾಯಿತು.

ಕಚೇರಿಗೆ ಹೋಗುವುದೇನೋ ಹೋಗುತ್ತೇನೆ, ಮಸಿ ಮುಂದಿಟ್ಟಾಗ ಕೈ ಮಾತ್ರ ಚಾಚುವುದಿಲ್ಲ ಎಂದುಕೊಂಡಳು. ಅದನ್ನು ಅವನಿಗೆ ಹೇಳಲಿಲ್ಲ. ಸುಮಿತ್ರಮ್ಮನಿಗೂ ಹೇಳಲಿಲ್ಲ.

ತಾಯಂದಿರೇ, ಇರುವ ಸೂರನ್ನು ಅಡವಿಡುವ ಕಾಗದ ನಿಮ್ಮ ಮುಂದೆ ಬಂದರೆ ತಡೆಯಿರಿ. ಬಾಡಿಗೆ ಬರುತ್ತದೆನ್ನುವ ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ಠೇವಣಿ ವಾಪಸು ಕೇಳಿದವರಿಗೆ ಏನು ಉತ್ತರ ಸಿಕ್ಕಿತೆಂದು ವಿಚಾರಿಸಿ. ಕೈಗೆ ಬಾರದ ಹಣವನ್ನು ನಂಬಿ ಸಾಲ ಹೊರಬೇಡಿ. ಹೆದರಿಕೆಯಾದರೆ ಅದಕ್ಕೆ ನಾಚಬೇಡಿ. ಹೆಬ್ಬೆಟ್ಟು ನಿಮ್ಮದು.