ಕೊನೆಗೊಂದು ಏಳು

ರಮೇಶ್‌ಬಾಬು ಮೇಲೆ ಕವಿತಳಿಗಿದ್ದ ಸಿಟ್ಟೆಲ್ಲ ಒಂದೇ ಸಂಖ್ಯೆಯದ್ದು: 73939133. ಒಂದು ಮತ್ತು ತಾನು ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ ಅದು. ಅಂಥವು ಬೇಕಾದಷ್ಟಿವೆ ಅನ್ನಿ, ಆದರೆ ಇದರ ಕೊಬ್ಬೇ ಬೇರೆ. ಬಲಗಡೆಯಿಂದ ಒಂದಂಕಿ ಕತ್ತರಿಸಿ, ಉಳಿದದ್ದೂ ಭಾಗವಾಗುವುದಿಲ್ಲ. ಇನ್ನೊಂದು ಕತ್ತರಿಸಿ, ಆಗಲೂ ಇಲ್ಲ. ಒಂಟಿ ಏಳು ಉಳಿಯುವ ತನಕ ಹೀಗೇ ಜಗ್ಗದೆ ನಿಲ್ಲುತ್ತದೆ. ಬಾಲಕ್ಕೆ ಇನ್ನೊಂದು ಅಂಕಿ ಅಂಟಿಸಿದಿರೋ, ಅದು ಯಾವುದೇ ಆಗಲಿ, ಕೆಟ್ಟಿತು, ಭಾಗವಾಗಿಬಿಡುತ್ತದೆ.

ಗಣಿತ ಬಲ್ಲವರಿಗೆ ಇದು ಹಳೇ ಸುದ್ದಿ. ಚಿಂತಾಮಣಿಯ ಟ್ಯುಟೋರಿಯಲ್‌ನಲ್ಲಿ ಪಿಯುಸಿ ಓದುತ್ತಿದ್ದ ಕವಿತಳಿಗೆ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ರಜೆಯೆಲ್ಲ ಕೂತು, ಕ್ಯಾಲ್ಕುಲೇಟರ್ ಗುಂಡಿ ಸವೆಯುವ ತನಕ ಭಾಗಿಸಿ, ತಾನೇ ಅಲ್ಲಿಗೆ ಮುಟ್ಟಿದ್ದಳು. ಖುಷಿ ತಡೆಯದೆ ಮೇಷ್ಟ್ರು ರಮೇಶ್‌ಬಾಬುಗೆ ತೋರಿಸಿದಳು. ಆ ಮಹಾನುಭಾವರು ಅದನ್ನು ಚಿಕ್ಕಬಳ್ಳಾಪುರದ ವಿಜ್ಞಾನ ಮೇಳದಲ್ಲಿ ಮಗ ಸಿದ್ಧಾರ್ಥ್ ಹೆಸರಲ್ಲಿಟ್ಟರು. ಇವಳು ಬಾಯಿ ಬಿಟ್ಟಾಗ, ಈ ಹುಡುಗಿಯೇ ನನ್ನ ಮಗನದ್ದು ಕದ್ದಿದ್ದಾಳೆ ಎಂದು ತುಂಬಿದ ಸಭೆಯಲ್ಲಿ ಹೇಳಿದರು. ಕಳ್ಳಿ ಅನ್ನಿಸಿಕೊಂಡು ಬಸ್ಸು ಹತ್ತಿದ ಆ ಸಂಜೆಯನ್ನು ಕವಿತ ಮರೆಯಲಿಲ್ಲ. ಮರೆಯುವ ಮನಸ್ಸೂ ಇರಲಿಲ್ಲ.

ಈಗ ಅವಳು ಗೌರಿಬಿದನೂರಿನಲ್ಲಿ ಗಣಿತದ ಉಪನ್ಯಾಸಕಿ. ಟ್ಯುಟೋರಿಯಲ್‌ಗೆ ಹೊಸ ಕಟ್ಟಡ ಕಟ್ಟಿಸಿದ ರಮೇಶ್‌ಬಾಬು ಹಳೇ ಶಿಷ್ಯರನ್ನೆಲ್ಲ ಕರೆಯುತ್ತ ಅವಳಿಗೂ ಫೋನ್ ಮಾಡಿದರು. ನಮ್ಮ ಸಿದ್ಧಾರ್ಥ್ ಸಂಖ್ಯೆಯನ್ನು ಬಾಗಿಲ ಮೇಲೆ ಹಿತ್ತಾಳೆಯಲ್ಲಿ ಕೂರಿಸುತ್ತಿದ್ದೇನೆ, ನೀನೇ ಬಂದು ನಾಲ್ಕು ಮಾತಾಡಬೇಕಮ್ಮ ಅಂದರು. ಮಾಡಿದ್ದು ಅವರಿಗೆ ನೆನಪೇ ಇರಲಿಲ್ಲ. ಕವಿತಳ ಮೈ ಉರಿದುಹೋಯಿತು.

ಅವರ ಹುಚ್ಚು ಅವಳಿಗೆ ಗೊತ್ತಿತ್ತು. ಕಾರಿನ ನಂಬರ್, ಫೋನ್ ನಂಬರ್, ಗುದ್ದಲಿ ಪೂಜೆಯ ತಾರೀಖು, ಎಲ್ಲದರ ಅಂಕಿಗಳನ್ನೂ ಒಂದೇ ಅಂಕಿ ಉಳಿಯುವ ತನಕ ಕೂಡುತ್ತ ಹೋದರೆ ಒಂಬತ್ತೇ ಬರಬೇಕು. ನಮ್ಮ ಕಡೆ ಅರ್ಧ ಊರಿಗೆ ಈ ಹುಚ್ಚಿದೆ, ಗಣಿತದ ಮೇಷ್ಟ್ರಿಗೇನು ವಿನಾಯಿತಿ?

"ಎಲ್ಲ ಚೆನ್ನಾಗಿದೆ ಸರ್. ಆದ್ರೆ ಕೂಡಿದ್ರೆ ಎರಡು ಬರುತ್ತೆ. ಕೊನೆಗೊಂದು ಏಳು ಹಾಕ್ಸಿದ್ರೆ ಒಂಬತ್ತಾಗುತ್ತೆ," ಅಂದಳು.

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ಕಡೆ ಮೇಷ್ಟ್ರು ಬಾಯಲ್ಲೇ ಎಣಿಸಿ ಹಿಗ್ಗಿದ್ದು ಅವಳಿಗೆ ಕೇಳಿಸಿತು. ಕದ್ದ ಸಂಖ್ಯೆಯ ಒಳಗೇನಿದೆ ಎಂದು ಅವರು ಎಂದೂ ಇಣುಕಿ ನೋಡಿರಲಿಲ್ಲ.

ಉದ್ಘಾಟನೆಯ ದಿನ ಪರದೆ ಸರಿದು 739391337 ಫಳಫಳ ಹೊಳೆಯಿತು. ಎಷ್ಟು ಕತ್ತರಿಸಿದರೂ ಭಾಗವಾಗದ ನಮ್ಮ ಮನೆತನದ ಸಂಖ್ಯೆ ಎಂದು ರಮೇಶ್‌ಬಾಬು ಕೊಂಡಾಡಿ, ಮೈಕನ್ನು ಕವಿತಳ ಕೈಗೆ ಕೊಟ್ಟು ಪಕ್ಕದಲ್ಲೇ ನಿಂತರು. ಅವಳು ಮಕ್ಕಳಿಗೆ ಆ ಅಂಕಿಗಳನ್ನು ಕೂಡಲು ಹೇಳಿದಳು. ನಲವತ್ತೈದು ಎಂದು ಸಭೆ ಕೂಗಿತು. ಹಾಗಾದರೆ ಯಾವುದರಿಂದ ಭಾಗವಾಗುತ್ತೆ ಎಂದು ಕೇಳಿದಳು. ಸ್ಕೂಲಿನ ಪಾಠ ಅದು. ಮೂರು, ಒಂಬತ್ತು ಎಂದು ನಾಲ್ಕೂ ಕಡೆಯಿಂದ ಬಂತು, ಹಿಂದೆಯೇ ನಗು. ಮುಂದಿನ ಸಾಲಿನಲ್ಲಿದ್ದ ಸಿದ್ಧಾರ್ಥ್ ತಲೆ ತಗ್ಗಿಸಿದ. ಕವಿತಳಿಗೆ ಹೊಟ್ಟೆ ತಣ್ಣಗಾಯಿತು.

ರಮೇಶ್‌ಬಾಬು ಮುಖ ಕಪ್ಪಿಟ್ಟಿತು. ಮೈಕ್ ಇರುವುದನ್ನೂ ಮರೆತು, "ಆ ಏಳು ಹಾಕ್ಸಿ ಅಂತ ನೀನೇ ತಾನೇ ಹೇಳಿದ್ದು," ಅಂದರು. ಸಭೆಗೆಲ್ಲ ಕೇಳಿಸಿತು.

"ಹೌದು ಸರ್, ಏಳು ನಾನೇ ಹೇಳಿದ್ದು. ಅದಕ್ಕೆ ಮುಂಚಿನ ಎಂಟು ಅಂಕಿನೂ ನಾನೇ ಹೇಳಿದ್ದು. ಅವತ್ತು ಮಾತ್ರ ಯಾಕೆ ಸರ್ ನನ್ನ ಹೆಸರು ಬಾಯಿಗೆ ಬರ್ಲಿಲ್ಲ?"

ಮೈಕನ್ನು ಅವರ ಕೈಗೆ ವಾಪಸ್ ಕೊಟ್ಟು, ಉತ್ತರಕ್ಕೆ ಕಾಯುತ್ತ ನಿಂತಳು.