ಹತ್ತಿ ನೋಡುವ ಕೋಟು

ತೀರಿಕೊಳ್ಳುವ ಹಿಂದಿನ ದಿನವೂ ನಮ್ಮ ಮನೆಯವರು ಆ ಕರಿಯ ಕೋಟು ಹಾಕಿಕೊಂಡು ಬಾವಿಯ ಪಕ್ಕದ, ನೀರು ತುಂಬಿಸಿಡುವ ಕಲ್ಲಿನ ಮರಿಗೆಯ ಹತ್ತಿರ ಕುಳಿತಿದ್ದರು. ಅರವತ್ತೆರಡನೇ ಇಸವಿಯ ಮಳೆಗಾಲ ಮುಗಿದಿತ್ತು. ಬಿಸಿಲು ಇನ್ನೂ ಎಳೆಯದು. ಮಣಿಪಾಲದ ಗುಡ್ಡದ ಕಡೆಯಿಂದ ಬರುವ ಗಾಳಿಗೆ ಹತ್ತಿಯ ಎಳೆಗಳು ಎದ್ದು, ಎಲ್ಲಿಗೆ ಹೋಗುವುದೆಂದು ಗೊತ್ತಿಲ್ಲದವರ ಹಾಗೆ ಅಂಗಳದಲ್ಲಿ ಸುತ್ತುತ್ತಿದ್ದವು. ನಾನು ಕಾಪುವಿಗೆ ಹೊರಟಿದ್ದೆ. ನಮ್ಮ ಒಬ್ಬಳೇ ಮಗಳು ಕ್ಲಾರಾಳನ್ನು ಅಲ್ಲಿಗೆ ಕೊಟ್ಟಿದ್ದೆವು. ಅವಳು ಚೊಚ್ಚಲ ಬಸುರಿ. ಹುಟ್ಟುವ ಮಗುವಿನ ಕೌದಿಗೆಂದೇ ಅವರು ಆ ಹತ್ತಿ ತಂದದ್ದು.

"ಹೊತ್ತಿಗೆ ಸರಿಯಾಗಿ ಊಟ ಮಾಡಿ," ಎಂದೆ.

"ನೋಡುವ," ಎಂದರು.

ಅವರದು ಯಾವುದಕ್ಕೂ ಅದೇ ಮಾತು. ಮಳೆ ಬರುತ್ತದಾ ಎಂದರೆ ನೋಡುವ. ಮಗಳಿಗೆ ಈ ಸಂಬಂಧ ಆಗಬಹುದಾ ಎಂದರೆ ನೋಡುವ. ನಮ್ಮ ಮದುವೆಯ ದಿನ ಇಗರ್ಜಿಯಲ್ಲಿ ಪಾದ್ರಿಗಳು ಕೇಳಿದಾಗ ಮಾತ್ರ ಹೌದು ಎಂದಿದ್ದರು. ಅದೂ ಸ್ವಲ್ಪ ತಡೆದು.

ಊರಿನವರ ಮರ್ಯಾದೆಯ ಮಾತಿನಲ್ಲಿ ಅವರು ಇಮ್ಯಾನುಯೆಲ್ ಪೊರ್ಬುಗಳು. ಎಡಗಾಲನ್ನು ತುಸು ಎಳೆದು, ದಾರಿಯ ಒಂದು ಅಂಚಿನಲ್ಲೇ, ನಡುದಾರಿಯನ್ನು ಬೇರೆ ಯಾರಿಗೋ ಬಿಟ್ಟುಕೊಟ್ಟವರ ಹಾಗೆ ನಡೆಯುತ್ತಿದ್ದರು. ಹುಡುಗನಾಗಿದ್ದಾಗ ಮುಂಬಯಿಗೆ ಹೋಗಿ ಹಾಸಿಗೆಯ ಅಂಗಡಿಯಲ್ಲಿ ಕೆಲಸ ಕಲಿತು, ಊರಿಗೆ ಬರುವಾಗ ತಂದದ್ದು ಆ ಕೋಟು ಒಂದೇ. ಅದನ್ನು ಹಬ್ಬಕ್ಕೆ ಹಾಕಿದವರಲ್ಲ, ಪೂಜೆಗೆ ಹಾಕಿದವರಲ್ಲ. ನಾವು ಹೊಲಿದು ಕೊಡುವ ಕೌದಿಗಳಿಗೆ ಹತ್ತಿ ಆರಿಸಲಿಕ್ಕೆ ಹಾಕುತ್ತಿದ್ದರು. ಏಪ್ರಿಲ್ ತಿಂಗಳ ಉರಿಯಲ್ಲಿಯೂ ಕತ್ತಿನ ತನಕ ಗುಂಡಿ ಹಾಕಿ ಕಾರ್ಕಳದ ಬಸ್ಸು ಹತ್ತುವವರು ಅವರೊಬ್ಬರೇ. ಬಿಳಿಯ ಹತ್ತಿಯ ಗುಣ ಕರಿಯ ಬಟ್ಟೆಗೆ ಗೊತ್ತು ಎನ್ನುತ್ತಿದ್ದರು. ಒಂದು ಹಿಡಿ ತೆಗೆದು ತೋಳಿಗೆ ಉಜ್ಜಿದರೆ, ಎಳೆ ಗಿಡ್ಡವಾದ ಹತ್ತಿ ಬೂದಿ ಚೆಲ್ಲಿದ ಹಾಗೆ ಅಂಟಿಕೊಳ್ಳುತ್ತದೆ. ಎಳೆ ಉದ್ದವಾದದ್ದು ಒಟ್ಟಾಗಿಯೇ ಕೈಗೆ ಬರುತ್ತದೆ.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಕಾರ್ಕಳದ ಹತ್ತಿ ಅಂಗಡಿಯ ಹಯಗ್ರೀವ ಕಾಮತರು ಗಾದಿಯಿಂದಲೇ ಕೂಗಿದರು.

"ಯಾರು ಹೋದದ್ದು ಮಾರಾಯ್ರೆ, ಕೋಟು ಹಾಕಿಕೊಂಡು ಬಂದಿದ್ದೀರಿ?"

ಇವರು ಮೂಟೆಗೆ ಕೈ ಹಾಕಿ, ತೋಳಿಗೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು.

"ಹೋದದ್ದು ನಿಮ್ಮ ಹತ್ತಿ. ಹೋಗಿ ವರ್ಷ ಆಯ್ತು, ಅಲ್ವಾ?"

ಕಾಮತರು ಹೊಟ್ಟೆ ಕುಣಿಸಿ ನಕ್ಕು ಒಳಗಿನಿಂದ ಬೇರೆ ಮೂಟೆ ತರಿಸಿದರು.

ನಮ್ಮ ಕಡೆ ಹಾಸಿಗೆ ದಿಂಬಿಗೆಲ್ಲ ಬೂರುಗದ ಮರದ ಹತ್ತಿ ತುಂಬುತ್ತಾರೆ. ಮರ ಹಿತ್ತಲಿನಲ್ಲೇ ಉಂಟು, ಯಾರಿಗೆ ಬೇಡ? ಆದರೆ ಇವರು ಬೂರುಗ ತಲೆಗೆ, ಹೊಲದ ಹತ್ತಿ ಮೈಗೆ ಎನ್ನುತ್ತಿದ್ದರು. ಉಡುಪಿಯ ಸುಭಾಷಿಣಿಯಮ್ಮ ಮೊಮ್ಮಗನ ಕೌದಿಗೆಂದು ಒಂದು ಚೀಲ ಬೂರುಗ ಹೊರಿಸಿಕೊಂಡು ಬಂದಿದ್ದರು.

"ರೇಷ್ಮೆಯ ಹಾಗೆ ಉಂಟು ಪೊರ್ಬುಗಳೆ, ಮುಟ್ಟಿ ನೋಡಿ."

"ಉಂಟಮ್ಮ. ಆದರೆ ಅದು ನೀರು ಕುಡಿಯುವುದಿಲ್ಲ."

"ಕೌದಿಗೆ ನೀರು ಕುಡಿಸುವುದು ಎಂತಕ್ಕೆ? ಅದೇನು ದನವಾ?"

"ನಾವು ಕುಡಿಸುವುದಲ್ಲಮ್ಮ. ಮೊಮ್ಮಗ ಕುಡಿಸ್ತಾನೆ."

ಸುಭಾಷಿಣಿಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅವರ ಬೂರುಗ ಪುಟ್ಟ ದಿಂಬು ಆಯಿತು, ಕೌದಿಗೆ ಹೊಲದ ಹತ್ತಿ ಹೋಯಿತು.

ಹತ್ತಿ ಆರಿಸಿದರೆ ಮುಗಿಯಲಿಲ್ಲ, ತೊಳೆಯಬೇಕು. ತೊಳೆಯದ ಹತ್ತಿಯನ್ನು ಒಳಗಿಟ್ಟು ಹೊಲಿದರೆ, ಮೊದಲ ಸಲ ನೀರಿಗೆ ಹಾಕಿದಾಗಲೇ ಒಳಗಿನದ್ದು ಕುಗ್ಗಿ ಹೊರಗಿನ ಬಟ್ಟೆಯನ್ನು ಎಳೆಯುತ್ತದೆ. ಕೌದಿ ಮುದುಕಿಯ ಕೆನ್ನೆಯಂತೆ ಆಗುತ್ತದೆ. "ಕುಗ್ಗುವುದೆಲ್ಲ ಈಗಲೇ ಕುಗ್ಗಲಿ, ಮೈಮೇಲೆ ಬಿದ್ದ ಮೇಲೆ ಬೇಡ," ಎನ್ನುತ್ತಿದ್ದರು. ಹಾಳೆಯಂತೆ ಹರಡಿದ ಹತ್ತಿಯನ್ನು ಎರಡು ತೆಳು ಬಿಳಿ ಬಟ್ಟೆಗಳ ನಡುವೆ ಇಟ್ಟು, ದೊಡ್ಡ ದೊಡ್ಡ ಹೊಲಿಗೆ ಹಾಕಿ, ಅಂಟುವಾಳದ ಉಗುರುಬೆಚ್ಚಗಿನ ನೀರಿನಲ್ಲಿ ಇಳಿಸುವುದು. ಹಿಂಡಬಾರದು, ಕುಕ್ಕಬಾರದು. ಅಂಗೈಯಿಂದ ಮೆಲ್ಲಗೆ ಒತ್ತಿ, ಓರೆಯಾಗಿಟ್ಟ ಹಲಗೆಯ ಮೇಲೆ ನೀರು ತಾನಾಗಿ ಇಳಿದುಹೋಗುವ ತನಕ ಕಾಯುವುದು. ಒಂದು ಸಲ ತೊಳೆದು ಒಣಗಿಸಿ, ಮತ್ತೊಂದು ಸಲ ತೊಳೆಯುವುದು. ನಮ್ಮ ಬಾವಿಯ ನೀರಿನಲ್ಲಿ ಮುರಕಲ್ಲಿನ ಕೆಂಪು ಮಣ್ಣು ಇರುತ್ತದೆ. ಅದಕ್ಕೆ ಇಂದು ತುಂಬಿಸಿದ ನೀರು ನಾಳೆಗೆ. ಕೆಂಪು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಮೊಗೆದು ತೊಳೆಯುವ ಅಗಲ ಪಾತ್ರೆಗೆ ಹಾಕುವುದು. ಹತ್ತಿ ಮುಳುಗಿದಾಗ ಅವರು ಆ ಪಾತ್ರೆಯ ಮೇಲೆ ಬಗ್ಗಿ ಸುಮ್ಮನೆ ನೋಡುತ್ತಿದ್ದರು. ಬಿಳಿ ಮೋಡವೊಂದು ನಮ್ಮ ಅಂಗಳಕ್ಕೆ ಇಳಿದು ಮಲಗಿದ ಹಾಗೆ ಕಾಣುತ್ತಿತ್ತು. ಕರೆದರೆ ಅವರಿಗೆ ಕೇಳುತ್ತಿರಲಿಲ್ಲ. ಆ ಕೆಲಸಕ್ಕೆ ನನ್ನನ್ನು ಯಾವತ್ತೂ ಬಿಟ್ಟವರಲ್ಲ. ತುಂಡು ಜೋಡಿಸಿ ಹೊಲಿಯುವುದು ನನ್ನದು, ಒಳಗಿನದ್ದು ಅವರದು.

ಕಾಪುವಿನಿಂದ ಮರಳುವಾಗ ಸಂಜೆ. ಹತ್ತಿ ಬಿದಿರಿನ ತಟ್ಟಿಯ ಮೇಲೆ ಒಣಗುತ್ತಿತ್ತು. ಒಂದು ಸಲ ಆಯಿತೋ ಎರಡು ಸಲವೋ, ನಾನು ಕೇಳಲಿಲ್ಲ. ಕ್ಲಾರಾಳ ಸುದ್ದಿ ಹೇಳಿದೆ. ಗಂಜಿ ಉಂಡರು. ಎದೆಯಲ್ಲಿ ಸ್ವಲ್ಪ ಭಾರ ಉಂಟು ಎಂದರು. ಡಾಕ್ಟರನ್ನು ಕರೆಸುವುದಾ ಎಂದೆ.

"ನೋಡುವ," ಎಂದರು.

ಬೆಳಿಗ್ಗೆ ಏಳಲಿಲ್ಲ.

ಪೆಟ್ಟಿಗೆಯಲ್ಲಿ ಮಲಗಿಸುವ ಮೊದಲು ಅದೇ ಕೋಟು ಹಾಕಿದೆವು, ಬೇರೆ ಇರಲಿಲ್ಲ. ನನ್ನ ತಮ್ಮ ಲೂಯಿಸ್ ಅದರ ತೋಳನ್ನು ಕೊಡವಲು ಹೋದ.

"ಬಿಡು," ಎಂದೆ.

"ಕೊಳಕು ಕಾಣ್ತದೆ ಅಕ್ಕ."

"ಕಾಣಲಿ. ಒಳ್ಳೆಯ ಹತ್ತಿ ಅದು. ಎಷ್ಟು ಕಡಿಮೆ ಅಂಟಿದೆ ನೋಡು."

ಮಣ್ಣು ಮಾಡಿ ಬಂದ ಮೇಲೆ ಅವರ ಚಾಪೆ, ಹಾಸಿಗೆ, ದಿಂಬನ್ನು ಹಿತ್ತಲಿಗೆ ಹಾಕಿ ಸುಟ್ಟೆವು. ಅದು ನಮ್ಮಲ್ಲಿ ಕ್ರಮ. ಬಿದಿರಿನ ತಟ್ಟಿಯ ಮೇಲಿನ ಹತ್ತಿಯನ್ನೂ ನೆರೆಮನೆಯ ಮ್ಯಾಗ್ಡಲಿನ್ ಬಾಯಿ ಸುಡಲಿಕ್ಕೆ ಎತ್ತಿಕೊಂಡರು.

"ಇದು ಹಾಸಿಗೆಯಲ್ಲ," ಎಂದೆ.

"ಹೋದವರ ಕೈ ಕಡೆಯದಾಗಿ ಮುಟ್ಟಿದ್ದು ಇದನ್ನಲ್ವಾ ತೆರೆಸಾ? ಹುಟ್ಟುವ ಮಗುವಿನ ಮೈಮೇಲೆ ಹಾಕುವುದಾ? ಸುಡು ಮಾರಾಯ್ತಿ."

ಕ್ಲಾರಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇತ್ತು.

"ಮಾಂಯ್, ಅವರು ಹೇಳುವುದು ಸರಿಯಾ?" ಎಂದು ನನ್ನನ್ನು ಕೇಳಿದಳು.

ಸುಟ್ಟರೆ ಮೊಮ್ಮಗುವಿಗೆ ಅವರದೆಂದು ಏನೂ ಉಳಿಯುವುದಿಲ್ಲ. ಸುಡದಿದ್ದರೆ, ಮಗುವಿಗೆ ಒಂದು ಶೀತವಾದರೂ ಈ ಹುಡುಗಿ ಅದನ್ನೇ ನೆನೆಸಿಕೊಂಡು ಅಳುತ್ತಾಳೆ. ಆಗ ಮರಿಗೆ ಕಣ್ಣಿಗೆ ಬಿತ್ತು. ಅವರು ತುಂಬಿಸಿದ ನೀರು ಹಾಗೆಯೇ ಇತ್ತು. ಕೆಂಪೆಲ್ಲ ತಳಕ್ಕೆ ಕೂತು, ಮೇಲೆ ಆಕಾಶ ಕಾಣುವಷ್ಟು ತಿಳಿಯಾಗಿತ್ತು. ಚೆನ್ನಾಗಿ ತೊಳೆದ ಹತ್ತಿ ನೀರು ಕುಡಿದು ಮುಳುಗುತ್ತದೆ, ಎಣ್ಣೆಯಂಶ ಉಳಿದದ್ದು ತೇಲುತ್ತದೆ. ಅವರು ಪ್ರತಿ ಸಲವೂ ಹಾಗೆ ನೋಡಿಯೇ ಹೊಲಿಗೆಗೆ ಕೊಡುತ್ತಿದ್ದದ್ದು. ಮ್ಯಾಗ್ಡಲಿನ್ ಬಾಯಿ ಎತ್ತಿಕೊಂಡಿದ್ದ ಹತ್ತಿಯ ಅಂಚಿನ ಹೊಲಿಗೆ ಬಿಡಿಸಿ, ಒಳಗಿನಿಂದ ಒಂದು ಚಿಟಿಕೆ ಕಿತ್ತು ನೀರಿನ ಮೇಲಿಟ್ಟೆ.

ಮೂವರೂ ಬಗ್ಗಿ ನೋಡಿದೆವು. ಗಾಳಿ ಇರಲಿಲ್ಲ. ಹತ್ತಿ ನೀರಿನ ಮೇಲೆ ಮೆಲ್ಲಗೆ ಒಂದು ಸುತ್ತು ತಿರುಗಿತು. ಅಂಚು ಒದ್ದೆಯಾಗಿ ತುಸು ಬಾಗಿತು. ಮುಳುಗಲಿಲ್ಲ.

"ತೇಲ್ತಾ ಉಂಟು," ಎಂದೆ. "ಅಂದರೆ ಒಂದೇ ಸಲ ತೊಳೆದದ್ದು. ಇನ್ನೊಂದು ಸಲ ಬಾಕಿ ಉಂಟು. ಕಡೆಯದಾಗಿ ಮುಟ್ಟುವುದು ಅವರಲ್ಲ, ನಾನು."

ಮ್ಯಾಗ್ಡಲಿನ್ ಬಾಯಿ ನನ್ನನ್ನೊಮ್ಮೆ, ನೀರನ್ನೊಮ್ಮೆ ನೋಡಿದರು.

"ನಿನ್ನ ಅಪ್ಪ ನಿನ್ನನ್ನು ವಕೀಲಿಕೆಗೆ ಕಳಿಸಬೇಕಿತ್ತು," ಎಂದು ಹತ್ತಿಯನ್ನು ತಟ್ಟಿಯ ಮೇಲೆ ಇಟ್ಟು, ಅಂಟುವಾಳ ಎಲ್ಲಿ ಉಂಟೆಂದು ಕೇಳಿದರು. ಕ್ಲಾರಾ ಅಳುತ್ತಲೇ ನಕ್ಕಳು.

ಮರುದಿನ ತೊಳೆದೆ. ಕೈಗೆ ಅಭ್ಯಾಸ ಇಲ್ಲ. ಒಂದು ಮೂಲೆ ಗಂಟುಗಂಟಾಯಿತು. ಮೊಮ್ಮಗಳು ಆ ಕೌದಿಯಲ್ಲಿಯೇ ಬೆಳೆದಳು. ಎಷ್ಟೋ ಸಲ ಒಗೆದರೂ ಅದು ಕುಗ್ಗಲಿಲ್ಲ. ಆ ಗಂಟಿನ ಮೂಲೆಯನ್ನೇ ಕೈಯಲ್ಲಿ ಹಿಡಿದು ಅವಳು ನಿದ್ದೆ ಹೋಗುತ್ತಿದ್ದಳು.

ನಮ್ಮ ಕೌದಿಗಳನ್ನು ನೋಡಿದವರೆಲ್ಲ ಯಾವಾಗಲೂ ನನ್ನನ್ನು ಹೊಗಳುತ್ತಿದ್ದರು. ಬಣ್ಣದ ತುಂಡು, ಸಾಲು ಹೊಲಿಗೆ ಹೊರಗೆ ಕಾಣುತ್ತದೆ. ಒಳಗೆ ಇರುವುದು ಯಾರ ಕೆಲಸ ಎಂದು ಒಬ್ಬರೂ ಕೇಳಿದವರಿಲ್ಲ, ಅವರೂ ಹೇಳಿದವರಲ್ಲ. ಒಳಗಿನದ್ದನ್ನು ನೋಡಿಕೊಳ್ಳುವ ಜನ ಹಾಗೆಯೇ ಇರುತ್ತಾರೆ. ಅವರ ಕೆಲಸ ಕೆಟ್ಟರೆ ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ. ಸರಿಯಾಗಿದ್ದರೆ ಬರೀ ಬೆಚ್ಚಗೆ ಆಗುತ್ತದೆ, ಅಷ್ಟೆ. ಯಾರಿಂದ ಎಂದು ಗೊತ್ತಾಗುವುದಿಲ್ಲ. ಅವರು ಹೋದ ಮೇಲೆ ಚಳಿಯಾದಾಗ ಗೊತ್ತಾಗುತ್ತದೆ.

ಈಗ ತೊಳೆಯಲಿಕ್ಕೆ ಹತ್ತಿ ಇಲ್ಲ. ಆದರೂ ಬೆಳಿಗ್ಗೆ ಎದ್ದು, ಮರಿಗೆಯ ತಿಳಿ ನೀರನ್ನು ಮೊಗೆದು ಹಂಡೆಗೆ ಹಾಕಿ, ತಳದ ಕೆಂಪನ್ನು ಬಸಳೆಯ ಬುಡಕ್ಕೆ ಚೆಲ್ಲಿ, ಬಾವಿಯಿಂದ ಹೊಸ ನೀರು ಸೇದಿ ಮರಿಗೆ ತುಂಬಿಸುತ್ತೇನೆ. ನಾಳೆಗೆ.