ಕೆಂಪಕ್ಕನ ಕೋಸಂಬರಿ

ದಂಡಿನಶಿವರದ ಆ ಮನೆಗೆ ಕೆಂಪಕ್ಕ ಹಿರಿ ಸೊಸೆ. ಹದಿನೆಂಟು ವರ್ಷ ಒಲೆಯ ಮುಂದೆ ಬೆಂದವಳು. ಮೊನ್ನೆ ಮೊನ್ನೆ ಹುಳಿಯಾರಿನಿಂದ ಬಂದ ಕಿರಿ ಸೊಸೆ ಮೀನಾಳನ್ನು ಮನೆಮಂದಿಯೆಲ್ಲ ತಲೆ ಮೇಲೆ ಹೊತ್ತು ಮೆರೆಸುತ್ತಿದ್ದರೆ ಅವಳ ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯಿತು. ಚೆನ್ನಾಗಿಯೇ ಉರಿಯಿತು.

ಆ ಭಾನುವಾರ ಮೀನಾಳ ಗಂಡ ಬಾಲರಾಜು ಮಂಗಳೂರಿನಲ್ಲಿ ಕೊಬ್ಬರಿ ಲೋಡು ಇಳಿಸಿ, ಬರುವಾಗ ಲಾರಿಯಲ್ಲಿ ಸಿಗಡಿ ತಂದ. ಡಬ್ಬದ ಐಸು ದಾರಿಯಲ್ಲೇ ಕರಗಿ ನೀರಾಗಿತ್ತು. ಕೆರೆ ಮೀನು ಬಿಟ್ಟು ಬೇರೆ ಕಾಣದ ಮನೆ ಅದು. ಮೀನಾ ಫೋನು ನೋಡಿಕೊಂಡು ಈಳಿಗೆಮಣೆಯಲ್ಲಿ ಸಿಗಡಿ ಸೀಳುವುದನ್ನು ಎಲ್ಲರೂ ಸುತ್ತ ಕೂತು ನೋಡಿದರು. ಕೆಂಪಕ್ಕನ ಕಡೆ ಒಬ್ಬರೂ ತಿರುಗಲಿಲ್ಲ.

ಸಿಗಡಿಯ ಗೊಡವೆಗೆ ಹೋಗದೆ ಉಳಿದವರು ಅತ್ತೆ ಓಬಮ್ಮ ಒಬ್ಬರೇ. ತಿರುಪತಿಗೆ ಹೋಗಿ ಬಂದ ಮೇಲೆ ಅವರು ಮೀನು ಮಾಂಸ ಬಿಟ್ಟಿದ್ದರು. ಅವರ ಅಡುಗೆಗೆ ಬೇರೆ ಪಾತ್ರೆ, ಬೇರೆ ಈಳಿಗೆಮಣೆ. ಅವು ಅಟ್ಟದ ಮೇಲಿರುತ್ತಿದ್ದವು. ಅತ್ತೆಯಾದರೂ ತನ್ನ ಕೈರುಚಿ ಹೊಗಳಲಿ ಎಂದು ಕೆಂಪಕ್ಕ ಕೋಸಂಬರಿಗೆ ಹೆಸರುಬೇಳೆ ನೆನೆಹಾಕಿದ್ದಳು. ಸಿಗಡಿ ಸಾರು ಇಳಿಯುವುದರೊಳಗೆ ಬಡಿಸಬೇಕೆಂಬ ಅವಸರ. ಅಟ್ಟ ಹತ್ತುವವರು ಯಾರು? ಮೀನಾ ಎದ್ದ ಕೂಡಲೇ ಸಿಗಡಿ ಸೀಳಿದ ಅದೇ ಮಣೆಯನ್ನು ಸೆರಗಿನಲ್ಲಿ ಒರೆಸಿ ಸೌತೆಕಾಯಿ ಹೆಚ್ಚಿದಳು, ಕಾಯಿ ತುರಿದಳು.

ಓಬಮ್ಮ ಬಟ್ಟಲು ಖಾಲಿ ಮಾಡಿದರು. ಬೇರೆ ಯಾರೂ ಕೋಸಂಬರಿ ಮುಟ್ಟಲಿಲ್ಲ. ಎಲ್ಲರ ತಟ್ಟೆಯಲ್ಲೂ ಸಿಗಡಿ, ಎಲ್ಲರ ಬಾಯಲ್ಲೂ ಮೀನಾಳ ಹೆಸರು.

ಮಾರನೆಯ ಬೆಳಿಗ್ಗೆ ಓಬಮ್ಮನಿಗೆ ವಾಂತಿ ಭೇದಿ ಹಿಡಿಯಿತು. ತುರುವೇಕೆರೆಯ ಆಸ್ಪತ್ರೆಯಲ್ಲಿ ಡ್ರಿಪ್ಸ್ ಹಾಕಿದರು. "ಹಾಳು ಸಿಗಡಿ ಮನೆಗೆ ಬಂತು, ಅದ್ರ ನಾತಕ್ಕೇ ನಮ್ಮತ್ತೆ ಮಲಗ್ಬುಟ್ರು" ಎಂದು ಕೆಂಪಕ್ಕ ಬೀದಿಗೆಲ್ಲ ಸಾರಿದಳು. ಎಷ್ಟೋ ದಿನದ ಮೇಲೆ ಅವಳ ಹೊಟ್ಟೆ ತಣ್ಣಗಾಗಿತ್ತು.

ಮೂರನೆಯ ದಿನ ಡಾಕ್ಟರು ರಿಪೋರ್ಟ್ ಹಿಡಿದು ಬಂದರು. "ಇದು ವಿಬ್ರಿಯೊ ಅಂತ, ಸಮುದ್ರದ ಬ್ಯಾಕ್ಟೀರಿಯಾ. ಚೆನ್ನಾಗಿ ಬೇಯಿಸಿದ್ರೆ ಸಾಯುತ್ತೆ. ಹಸಿ ಸಿಗಡಿ ತಾಗಿದ್ದನ್ನ ಬೇಯಿಸದೆ ಏನಾದ್ರೂ ಕೊಟ್ರಾ ಇವರಿಗೆ?"

ಕೆಂಪಕ್ಕನಿಗೆ ಸೆರಗಿನಲ್ಲಿ ಒರೆಸಿದ ಮಣೆ ನೆನಪಾಯಿತು. ಅತ್ತೆಯನ್ನು ಮಲಗಿಸಿದ್ದೂ, ಅವರ ವ್ರತ ಕೆಡಿಸಿದ್ದೂ ತಾನೇ. ಬಾಯಿಬಿಟ್ಟರೆ ಆ ಮನೆಯಲ್ಲಿ ಮಾನ ಉಳಿಯುವುದಿಲ್ಲ.

ಅಷ್ಟರಲ್ಲಿ ಮೀನಾ ಮುಂದೆ ಬಂದಳು. "ತಪ್ಪು ನಂದೇ ಡಾಕ್ಟ್ರೇ. ಈಳಿಗೆಮಣೆ ತೊಳೀದೆ ಹಂಗೇ ಬುಟ್ಟು ಎದ್ದೋಗಿದ್ದೆ. ಅದ್ರ ನೀರು ಅತ್ತೆ ಕೋಸಂಬರಿಗೆ ತಾಗಿರ್ಬೇಕು."

ಓಬಮ್ಮ ಮಲಗಿದ್ದಲ್ಲಿಂದಲೇ ಅವಳ ಕೈ ಹಿಡಿದುಕೊಂಡರು. "ಒಪ್ಕೊಳ್ಳಕ್ಕೂ ಗುಂಡಿಗೆ ಬೇಕು ಕಣವ್ವ. ಚಿನ್ನದಂತ ಸೊಸೆ ನೀನು."

ಸುಮ್ಮನಿದ್ದರೆ ಸಾಕಿತ್ತು, ಕೆಂಪಕ್ಕ ಪಾರಾಗುತ್ತಿದ್ದಳು. ಆದರೆ ಆ ಹಿಡಿದ ಕೈ ಕಂಡು ಅವಳಿಗೆ ತಡೆಯಲಾಗಲಿಲ್ಲ.

"ಅವಳ್ದೇನೂ ಅಲ್ಲ ಕಣತ್ತೆ! ಅಟ್ಟ ಹತ್ತಕ್ಕೆ ಆಗ್ದೆ ಆ ಮಣೇಲೇ ಕಾಯಿ ತುರ್ದೋಳು ನಾನು. ನನ್ನ ತಪ್ಪನ್ನೂ ಅವಳೇ ಹೊತ್ಕೊಂಡು ಹೊಗಳಿಸ್ಕೊಬೇಕಾ?"

ಓಬಮ್ಮ ಹಿರಿ ಸೊಸೆಯನ್ನು ನೋಡಿದರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದರು. ಮೀನಾಳ ಕೈ ಮಾತ್ರ ಬಿಡಲಿಲ್ಲ.